ಲೋಟದ ನೀರಿನ ಲೆಕ್ಕ

ಮೂವತ್ತು ವರ್ಷ ಕೆಂಪು ಮಸಿಯ ಪೆನ್ನು ಹಿಡಿದ ಅಕ್ಕೋರಿಗೆ ಟೀವಿ ನೋಡುವಾಗಲೂ ಕಣ್ಣು ಸುಮ್ಮನಿರುವುದಿಲ್ಲ. ಹಾಸ್ಯ ಧಾರಾವಾಹಿಗಳಲ್ಲಂತೂ ಈ ಕಣ್ಣಿಗೆ ಹಬ್ಬ. ಅರ್ಧ ಖಾಲಿಯಾಗಿದ್ದ ಲೋಟ ಮರುಕ್ಷಣ ತುಂಬಿರುತ್ತದೆ. ಅಂಗಳದಲ್ಲಿ ನೀಲಿ ಸೀರೆ ಉಟ್ಟವಳು ಜಗುಲಿ ಹತ್ತುವಷ್ಟರಲ್ಲಿ ಹಸಿರು ಸೀರೆಯವಳಾಗಿರುತ್ತಾಳೆ.

ಆದರೆ ಸೋಂದೆಯ ನಮ್ಮ ಮನೆಯಲ್ಲಿ ನನಗಿಂತ ಚುರುಕು ಕಣ್ಣು ಅತ್ತೆಯದು. ಶಂಕರ್ ನಾಗ್ 1986ರ ಹೊತ್ತಿಗೆ ದೂರದರ್ಶನಕ್ಕಾಗಿ ತೆಗೆದ ‘ಮಾಲ್ಗುಡಿ ಡೇಸ್’ ಅನ್ನು ಮಗಳು ಮೊಬೈಲಿನಲ್ಲಿ ಹಾಕಿದ್ದಳು. ಸ್ವಾಮಿಯ ತುಂಟಾಟಕ್ಕೆ ನಾವೆಲ್ಲ ನಗುತ್ತಿದ್ದರೆ, ಶೃಂಗೇರಿಗೆ ಹೋಗುವಾಗ ಆಗುಂಬೆ ಕಂಡಿದ್ದ ಅತ್ತೆ ಕೇಳಿದರು: “ಇದು ಆಗುಂಬೆ ಅಲ್ದನೇ ತಂಗಿ? ಅಲ್ಲಿಗೆ ರೈಲು ಯಾವಾಗ ಬಂತು?”

ನಮ್ಮ ಶಿರಸಿಗೇ ಇನ್ನೂ ರೈಲಿಲ್ಲ, ಆಗುಂಬೆಗೆ ಎಲ್ಲಿಂದ ಬರಬೇಕು! ಊರು ಆಗುಂಬೆಯದು, ನಿಲ್ದಾಣ ಮಾತ್ರ ಶಿವಮೊಗ್ಗ ಜಿಲ್ಲೆಯ ಅರಸಾಳಿನದು. ಅರಸಾಳಿನ ಆ ಹಳೆಯ ಕಟ್ಟಡ 2020ರಲ್ಲಿ ಮಾಲ್ಗುಡಿ ಮ್ಯೂಸಿಯಂ ಆಯಿತು. ಇನ್ನು ದಕ್ಷಿಣದ ಹುಡುಗರೆಲ್ಲ ಹಿಂದಿಯಲ್ಲೇ ಜಗಳವಾಡುತ್ತಾರೆ. ಸ್ವಾಮಿಯ ಅಪ್ಪನಾದ ಗಿರೀಶ ಕಾರ್ನಾಡರು ಶಿರಸಿಯಲ್ಲೇ ಬಾಲ್ಯ ಕಳೆದವರೆಂದು ತಿಳಿದ ಮೇಲೆ, ಅತ್ತೆ ಆ ಒಂದು ತಪ್ಪನ್ನು ಮಾಫಿ ಮಾಡಿದರು.

ಚಿತ್ರೀಕರಣ ಕಥೆಯ ಕ್ರಮದಲ್ಲಿ ನಡೆಯುವುದಿಲ್ಲ. ಒಂದೇ ಮನೆಯ ಮೊದಲ ದೃಶ್ಯವನ್ನೂ ಕೊನೆಯ ದೃಶ್ಯವನ್ನೂ ಒಂದೇ ದಿನ ತೆಗೆದು, ಆಮೇಲೆ ಜೋಡಿಸುತ್ತಾರೆ. ಹಾಗಾಗಿ ಲೋಟದಲ್ಲಿ ಎಷ್ಟು ನೀರಿತ್ತು, ಯಾವ ಗುಂಡಿ ಬಿಚ್ಚಿತ್ತು ಎಂದು ಬರೆದಿಡಲು ಒಬ್ಬರು ಬೇಕು. ಹಾಲಿವುಡ್ಡಿನಲ್ಲಿ ಬಹುಕಾಲ ಈ ಕೆಲಸ ಹೆಂಗಸರದ್ದೇ. ‘ಸ್ಕ್ರಿಪ್ಟ್ ಗರ್ಲ್’ ಎಂದೇ ಕರೆಯುತ್ತಿದ್ದರು. ಸರಿಯಾಗಿದ್ದಷ್ಟು ಕಾಲ ಅವಳನ್ನು ಯಾರೂ ನೆನೆಯುವುದಿಲ್ಲ. ಲೋಟ ತಪ್ಪಿದ ದಿನ ಮಾತ್ರ ಹುಡುಕುತ್ತಾರೆ. ಓದುವ ನಿಮಗೆ ಇದು ಹೊಸ ಸಂಗತಿಯೇನಲ್ಲ, ಅಲ್ಲವೇ?

ನಮ್ಮ ಅತ್ತೆ ಐವತ್ತು ವರ್ಷ ಮಾಡಿದ್ದೂ ಇದನ್ನೇ. ಯಾರ ಶ್ರಾದ್ಧ ಯಾವ ತಿಥಿಗೆ, ಯಾವ ಭಾವನಿಗೆ ಸಕ್ಕರೆಯಿಲ್ಲದ ಚಹಾ, ಅಪ್ಪೆಮಿಡಿಗೆ ಎಷ್ಟು ಉಪ್ಪು, ಎಲ್ಲವೂ ತಲೆಯಲ್ಲೇ. ಈಗೊಂದು ವರ್ಷದಿಂದ ಆ ಲೆಕ್ಕ ಜಾರುತ್ತಿದೆ. ಆಗುಂಬೆಯ ರೈಲು ಹಿಡಿದವರಿಗೆ ಇಂದು ಬೆಳಗಿನ ಆಸರಿಗೆ ಆಯಿತೇ ಎಂಬುದು ನೆನಪಿರುವುದಿಲ್ಲ. ಅವರ ಮದುವೆಯ ಕಥೆಯಲ್ಲಿ ದಿಬ್ಬಣ ಒಮ್ಮೆ ಎತ್ತಿನ ಗಾಡಿಯಲ್ಲಿ ಬರುತ್ತದೆ, ಇನ್ನೊಮ್ಮೆ ಮಳೆಯಲ್ಲಿ ನಡೆದು. “ಅಜ್ಜಿ, ನಿನ್ನೆ ಬೇರೆ ಹೇಳಿದ್ದೆಯಲ್ಲ!” ಎಂದು ಮಕ್ಕಳು ನಗುತ್ತಾರೆ. ಅತ್ತೆಯ ಮುಖ ಸಣ್ಣದಾಗುತ್ತದೆ.

ಮಕ್ಕಳಿಗೆ ಹಾಗೆ ನಗಬೇಡಿರೆಂದು ಹೇಳಿದ್ದೇನೆ. ಇನ್ನೂರು ಪುಟದ ಒಂದು ನೋಟ್‌ಬುಕ್ಕು ತಂದು, ಬೆಳಿಗ್ಗೆ ಅತ್ತೆಯ ಮನಸ್ಸು ತಿಳಿಯಾಗಿರುವ ಹೊತ್ತು ನೋಡಿ, ಹತ್ತಿರ ಕೂತು ಕೇಳುತ್ತೇನೆ. ತಿಥಿಗಳೆಲ್ಲ ಬರೆದಾಯಿತು. ಉಪ್ಪಿನಕಾಯಿಯ ಅಳತೆ ಇನ್ನೂ ಪೂರ್ತಿಯಾಗಿಲ್ಲ. ದಿಬ್ಬಣದ ಪುಟದಲ್ಲಿ ಮಾತ್ರ ಗಾಡಿಯನ್ನೂ ಬರೆದಿದ್ದೇನೆ, ಮಳೆಯನ್ನೂ ಬರೆದಿದ್ದೇನೆ. ಅಲ್ಲಿ ಕೆಂಪು ಪೆನ್ನು ಮುಟ್ಟಿಸಿಲ್ಲ.