ಕರಿಯನ ಪಾಲು

ಊಟದ ಹೊತ್ತಿಗೆ ನಾಯಿ ಎದುರು ಬಂದು ಕೂತರೆ ಮನೆ ಎರಡು ಪಕ್ಷವಾಗುತ್ತದೆ. ತಳಕಿನ ನಮ್ಮ ಮನೆಯಲ್ಲಿ ಕರಿಯನನ್ನು ಗದರುವವರು ನಾವೆಲ್ಲ. ಮುದ್ದೆ ಮುರಿದು ಸಾರಿನಲ್ಲಿ ಅದ್ದಿ ಮೆಲ್ಲಗೆ ಸರಿಸುವವರು ಅತ್ತೆ. "ಮೂಗುಪ್ರಾಣಿ ನೋಡ್ತಾ ಕುಂತ್ರೆ ಗಂಟ್ಲಾಗೆ ತುತ್ತು ಇಳಿಯಲ್ಲ ಕಣಮ್ಮ" ಎನ್ನುವರು.

ಆದರೆ ದಿನವೂ ಸಿಗುವ ತುತ್ತಿಗಿಂತ ಎಂದೋ ಒಮ್ಮೆ ಸಿಗುವ ತುತ್ತೇ ಆಸೆಯನ್ನು ಗಟ್ಟಿಮಾಡುತ್ತದೆ. ಅಮೆರಿಕದ ಮನಶ್ಶಾಸ್ತ್ರಜ್ಞರಾದ ಫರ್ಸ್ಟರ್ ಮತ್ತು ಸ್ಕಿನ್ನರ್ ಅವರ 1957ರ ಗ್ರಂಥದಲ್ಲಿ ಪಾರಿವಾಳಗಳ ಮೇಲಿನ ಪ್ರಯೋಗಗಳಿವೆ. ಕಾಳು ಆಗೊಮ್ಮೆ ಈಗೊಮ್ಮೆ ಮಾತ್ರ ಸಿಕ್ಕರೂ ಅವು ಕುಕ್ಕುವುದನ್ನು ಬಿಡಲಿಲ್ಲ. ಐವರು ಗದರಿ ಒಬ್ಬರು ಕೊಟ್ಟರೆ ಗೆಲ್ಲುವುದು ನಾಯಿಯೇ. ಸಾಲದ್ದಕ್ಕೆ ಸಾರಿನಲ್ಲಿ ಈರುಳ್ಳಿ. ಅದು ನಾಯಿಯ ರಕ್ತದ ಕೆಂಪುಕಣಗಳನ್ನು ಒಡೆಯುವಂಥದು.

ಅತ್ತೆಯ ಕರುಣೆಗೆ ಅಡ್ಡ ಬರುವ ಮನಸ್ಸು ನನಗಿರಲಿಲ್ಲ. "ಕರಿಯನ ಪಾಲು ನೀವೇ ಹಾಕಿ ಅತ್ತೆ, ನಾವು ಕೂರೋದಕ್ಕೆ ಮುಂಚೆ, ಅಂಗಳದಲ್ಲಿ" ಎಂದೆ. ಉಪ್ಪು, ಖಾರ, ಈರುಳ್ಳಿ ಸೋಕದ ಮುದ್ದೆಗೆ ಒಂದಿಷ್ಟು ಮಜ್ಜಿಗೆ. ಮೊದಮೊದಲು ಕರಿಯನ ರಂಪ ಹೆಚ್ಚೇ ಆಯಿತು, ಯಾರೂ ಕರಗಲಿಲ್ಲ. ಆಮೇಲೆ ಉಂಡು ಅಲ್ಲೇ ಮಲಗತೊಡಗಿತು.

ಅತ್ತೆಗೂ ಬೇಸರವಿಲ್ಲ. ಕೊಡುವ ಕೈ ಅವರದೇ ಉಳಿಯಿತಲ್ಲ!