ಹಳೆಯ ದೋಣಿ

ಗೃಹಸ್ಥನಿಗೆ ಅರವತ್ತು ತುಂಬಿದ ಮೇಲೆ ಒಂದಲ್ಲ ಒಂದು ಹುಚ್ಚು ಹಿಡಿಯುವುದು ಸಹಜವೆಂದು ನಮ್ಮ ಮನೆಯವಳ ಅಭಿಪ್ರಾಯ. ಕೆಲವರಿಗೆ ಗುಲಾಬಿಯ ಹುಚ್ಚು, ಕೆಲವರಿಗೆ ಹಳೆಯ ಗಡಿಯಾರಗಳ ಹುಚ್ಚು, ಇನ್ನು ಕೆಲವರಿಗೆ ಮಂದಿಗೆ ಬುದ್ಧಿ ಹೇಳುವ ಹುಚ್ಚು. ಈ ಮೂರರಿಂದಲೂ ಪಾರಾದೆನೆಂದು ನಾನು ಹಿಗ್ಗುತ್ತಿದ್ದಾಗಲೇ ನನಗೆ ದೋಣಿಯ ಹುಚ್ಚು ಹಿಡಿಯಿತು. ನಾವಿರುವುದು ಯಲಹಂಕದ ಹಳೆಯ ಊರಿನಲ್ಲಿ. ಸಮುದ್ರಮಟ್ಟಕ್ಕಿಂತ ಸುಮಾರು 900 ಮೀಟರು ಎತ್ತರದ ನೆಲ. ದೋಣಿ ನಡೆಯುವಂಥ ಹೊಳೆಯೊಂದೂ ಸಮೀಪದಲ್ಲಿಲ್ಲ. ಇಂಥಲ್ಲಿ ದೋಣಿ ಕೊಳ್ಳುವ ಮಾತೆತ್ತಿದವನನ್ನು ಮನೆಯವರು ಹೇಗೆ ನೋಡಿಯಾರೆಂಬುದನ್ನು ವಾಚಕರೇ ಊಹಿಸಿಕೊಳ್ಳಬಹುದು.

ಅದು ನನ್ನ ಕಣ್ಣಿಗೆ ಬಿದ್ದದ್ದು ಜಕ್ಕೂರಿನ ಕಡೆಗೆ ಬೆಳಗಿನ ಸುತ್ತಾಟಕ್ಕೆ ಹೋದಾಗ. ಗುಜರಿ ಅಂಗಡಿಯೊಂದರ ಹಿತ್ತಲಲ್ಲಿ, ಹೊಂಗೆಯ ಮರದ ಕೆಳಗೆ, ಮಗುಚಿ ಹಾಕಿದ್ದರು. ಹನ್ನೆರಡು ಅಡಿ ಉದ್ದ, ನಾಲ್ವರು ಕೂರುವಷ್ಟು ಅಗಲ, ಫೈಬರ್‌ಗ್ಲಾಸಿನ ಮೈ. ಯಾವುದೋ ವಿಹಾರಸ್ಥಳದ ಕೊಳದಲ್ಲಿ ಮಕ್ಕಳನ್ನು ಆಡಿಸುತ್ತಿದ್ದ ದೋಣಿಯಂತೆ. ಒಂದು ಕಾಲದ ನೀಲಿ ಬಣ್ಣ ಬಿಸಿಲು ಕುಡಿದು ಸುಣ್ಣದಂತೆ ಕೈಗೆ ಅಂಟುತ್ತಿತ್ತು. ಅಂಗಡಿಯಾತ 15,000 ರೂಪಾಯಿ ಎಂದ. ನಾನು ಚೌಕಾಶಿ ಮಾಡದೆ ಹಿಂದಿರುಗಿದೆ. ಆದರೆ ಮರುದಿನವೂ ಹೋದೆ, ಅದರ ಮರುದಿನವೂ ಹೋದೆ.

ಈ ಹುಚ್ಚಿಗೆ ಒಂದು ಬೇರು ಉಂಟು. ನಮ್ಮದು ಶರಾವತಿಯ ದಡದ ಮನೆ. 1964ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಪೂರ್ತಿಯಾಗಿ, ಸಾಗರದ ಸೀಮೆಯ ಎಷ್ಟೋ ಹಳ್ಳಿಗಳೊಡನೆ ನಮ್ಮ ಮನೆ, ತೋಟ, ಗದ್ದೆಗಳೂ ನೀರಿನಡಿ ಸೇರಿದುವು. ನನಗಾಗ ಐದರ ಪ್ರಾಯ. ಗದ್ದೆ ಆಚೆ ದಡದಲ್ಲಿದ್ದುದರಿಂದ ತಂದೆಯವರು ದಿನಕ್ಕೆರಡು ಸಲ ಮರದ ದೋಣಿಯಲ್ಲಿ ಹೊಳೆ ದಾಟುತ್ತಿದ್ದರಂತೆ. ನನ್ನ ನೆನಪಿನಲ್ಲಿ ಉಳಿದಿರುವುದು ಅವರ ಬೆನ್ನು, ಹುಟ್ಟು ನೀರಿನಿಂದ ಏಳುವಾಗಿನ ಹನಿಗಳು, ಇಷ್ಟೇ. ಈಗ ಅವರಿಗೆ ತೊಂಬತ್ತು. ತಾಯಿಯವರು ತೀರಿಕೊಂಡ ಮೇಲೆ ಮಾತು ಕಡಿಮೆಯಾಗಿ, ಜಗಲಿಯ ಕುರ್ಚಿಯಲ್ಲಿ ಕುಳಿತು ಬೀದಿಯನ್ನು ನೋಡುತ್ತಾರೆ. ದೋಣಿಯನ್ನು ಕೊಂಡು, ದುರಸ್ತು ಮಾಡಿ, ಅವರನ್ನು ಒಮ್ಮೆ ಅದರಲ್ಲಿ ಕೂರಿಸಬೇಕೆಂಬುದು ನನ್ನ ಮನಸ್ಸಿನಲ್ಲಿದ್ದ ಆಸೆ. ಇದನ್ನು ನಾನು ಯಾರಿಗೂ ಹೇಳಿರಲಿಲ್ಲ.

ಕೊಳ್ಳುವುದಕ್ಕೆ ಮೊದಲು ತಿಳಿದುಕೊಳ್ಳುವುದು ವಿವೇಕವೆಂದು, ಫೈಬರಿನ ಕೆಲಸ ಬಲ್ಲ ಒಬ್ಬ ಕುಶಲಿಯನ್ನು ಯಶವಂತಪುರದಿಂದ ಕರೆತಂದೆ. ಆತನಿಂದ ನಾನು ಕಲಿತದ್ದು ಬಹಳ. ಗಾಜನ್ನು ಕೂದಲಿಗಿಂತ ಸಣ್ಣನೆಯ ಎಳೆಗಳಾಗಿ ತೆಗೆದು, ಹಾಸಿ, ಅದರ ಮೇಲೆ ರಾಳವನ್ನು ಸವರಿದರೆ, ಗಟ್ಟಿಗೊಳಿಸುವ ದ್ರವದ ಬಲದಿಂದ ಅದು ಸ್ವಲ್ಪ ಹೊತ್ತಿನಲ್ಲಿಯೇ ಬಿಗಿಯುತ್ತದೆ. ಇಂಥ ದೋಣಿಗಳು ಅಮೆರಿಕದಲ್ಲಿ 1940ರ ದಶಕದಲ್ಲಿ ಮೊದಲಾಗಿ, ಕಾಲಕ್ರಮದಲ್ಲಿ ನಮ್ಮ ಕರಾವಳಿಯಲ್ಲಿಯೂ ಮರದ ದೋಣಿಗಳ ಸ್ಥಳವನ್ನು ಬಹುಮಟ್ಟಿಗೆ ಆಕ್ರಮಿಸಿವೆ. ಗಾಜಿಗೆ ಗೆದ್ದಲಿಲ್ಲ, ಕೊಳೆಯುವ ಭಯವಿಲ್ಲ. ಹಾಗಾದರೆ ಹಳೆಯ ದೋಣಿಗೆ ಬರುವ ರೋಗವೇನು? ಅದು ಒಳಗಿನದು. ಹಿಂಬದಿಯ ಹಲಗೆಗೂ ತಳಕ್ಕೂ ಬಲ ಬರಲೆಂದು ಗಾಜಿನ ಎರಡು ಪದರಗಳ ನಡುವೆ ಪ್ಲೈವುಡ್ಡನ್ನು ಹುದುಗಿಸಿರುತ್ತಾರೆ. ಎಲ್ಲಿಯೋ ಒಂದು ಮೊಳೆಯ ತೂತಿನಿಂದ ನೀರು ಜಿನುಗಿತೆಂದರೆ, ಹೊರಗೆ ಮೈ ನುಣ್ಣಗಿದ್ದರೂ ಒಳಗೆ ಮರ ಕೊಳೆತು ಹಿಂಡಿಯಾಗಿರುತ್ತದೆ.

ಅದನ್ನು ಸರಿಪಡಿಸಬೇಕಾದರೆ ಒಂದು ಪದರವನ್ನು ಕೊಯ್ದು ತೆಗೆಯಬೇಕು. ಕೊಳೆತ ಮರವನ್ನು ಕೆತ್ತಿ ಹಾಕಬೇಕು. ಉಳಿದದ್ದನ್ನು ವಾರಗಟ್ಟಲೆ ಒಣಗಿಸಬೇಕು. ಹೊಸ ಹಲಗೆ ಕೂರಿಸಿ ಮತ್ತೆ ಗಾಜು ಹಾಸಬೇಕು. ಉಜ್ಜುವಾಗ ಏಳುವ ಧೂಳು ಚರ್ಮಕ್ಕೆ ತುರಿಕೆ, ಎದೆಗೆ ಕೇಡು. ರಾಳದ ವಾಸನೆಯಿಂದ ಇಡೀ ಬೀದಿಗೆ ತಲೆನೋವು. “ಸ್ವಾಮಿ, ದೋಣಿಗೆ ಹದಿನೈದು; ಕೆಲಸಕ್ಕೆ ನಲವತ್ತು. ಬಿಡುವಿನಲ್ಲಿ ಮಾಡಿಕೊಂಡು ಹೋದರೆ ಒಂದು ವರ್ಷ” ಎಂದು ಆತ ಮುಚ್ಚುಮರೆಯಿಲ್ಲದೆ ಹೇಳಿದ.

ಮನೆಯಲ್ಲಿ ಸಭೆ ಕೂಡಿತು. ನಮ್ಮ ನಿವೇಶನ ಮೂವತ್ತಕ್ಕೆ ನಲವತ್ತು. ಹನ್ನೆರಡಡಿಯ ದೋಣಿಯನ್ನು ಎಲ್ಲಿಡುವುದು? “ತುಳಸಿಕಟ್ಟೆಯನ್ನು ತೆಗೆಸಿಬಿಡಿ” ಎಂದು ಮನೆಯವಳು ಬಹಳ ಶಾಂತವಾಗಿ ನುಡಿದಳು. ಆ ಶಾಂತಿಯ ಅರ್ಥ ಗೃಹಸ್ಥರಿಗೆಲ್ಲ ಗೊತ್ತು. ಸರಿಹೋದ ಮೇಲೆ ಅದನ್ನು ಇಳಿಸುವುದೆಲ್ಲಿಗೆ ಎಂಬುದು ಮಗಳ ಪ್ರಶ್ನೆ. ಜಕ್ಕೂರಿನ ಕೆರೆ ಸುಮಾರು 160 ಎಕರೆ. ನಗರದ ಕೊಳಚೆಯನ್ನು ಶುದ್ಧಿಮಾಡಿ, ಜೊಂಡಿನ ನಡುವೆ ಹಾಯಿಸಿ, ಆ ನೀರಿನಿಂದ ಕೆರೆಯನ್ನು ತುಂಬುತ್ತಾರೆ. ಅಲ್ಲಿ ಮೀನುಗಾರರು ತಮ್ಮ ಹರಿಗೋಲುಗಳಲ್ಲಿ ಬಲೆ ಬೀಸುತ್ತಾರೆ. ಹೆಜ್ಜಾರ್ಲೆಗಳು ಗಂಭೀರವಾಗಿ ತೇಲುತ್ತವೆ. ಯಲಹಂಕದ ಪುಟ್ಟೇನಹಳ್ಳಿಯ ಕೆರೆಯಂತೂ 2015ರಿಂದ ಪಕ್ಷಿಗಳ ಸಂರಕ್ಷಣಾ ಮೀಸಲು. ಮನಸ್ಸು ಬಂದವರೆಲ್ಲ ಸ್ವಂತ ದೋಣಿ ಇಳಿಸಲು ಇವು ಮನೆಯ ಹಿತ್ತಲ ಕೊಳಗಳಲ್ಲ, ಅಪ್ಪಣೆ ಬೇಕು. ಯಂತ್ರ ಜೋಡಿಸಿದರೆ 2021ರ ಒಳನಾಡು ಹಡಗುಗಳ ಕಾಯಿದೆಯಂತೆ ನೋಂದಣಿಯೂ ಆಗಬೇಕು. ನಾನು ಸೋತೆ, ಆದರೆ ಒಪ್ಪಲಿಲ್ಲ.

“ಯಾವ ದೋಣಿ?” ಎಂದು ಆಗ ಜಗಲಿಯಿಂದ ತಂದೆಯವರ ಧ್ವನಿ ಬಂತು.

ಮರುದಿನ ಅವರನ್ನು ಆಟೋದಲ್ಲಿ ಕೂರಿಸಿಕೊಂಡು ಹೋದೆ. ಅವರು ಕೋಲೂರಿಕೊಂಡು ದೋಣಿಯ ಸುತ್ತ ಒಂದು ಪ್ರದಕ್ಷಿಣೆ ಬಂದರು. ಅನಂತರ ನನ್ನಿಂದ ಒಂದು ನಾಣ್ಯವನ್ನು ಕೇಳಿ ಪಡೆದು ಮೈಯುದ್ದಕ್ಕೂ ಬಡಿಯುತ್ತ ಹೋದರು. ಅಂಚಿನಲ್ಲಿ ಟಣ್ ಎಂದಿತು. ನಡುವಿನಲ್ಲಿ ಟಣ್ ಎಂದಿತು. ಹಿಂಬದಿಗೆ ಬಂದಾಗ ದಬ್ ಎಂದಿತು. ಯಶವಂತಪುರದ ಕುಶಲಿ ಅರ್ಧ ಗಂಟೆಯಲ್ಲಿ ಹೇಳಿದ್ದನ್ನು ಅವರು ಐದು ನಿಮಿಷದಲ್ಲಿ ಕಂಡುಹಿಡಿದಿದ್ದರು. “ಮರವಾದರೇನು, ಗಾಜಾದರೇನು? ಸತ್ತ ಜಾಗ ಸತ್ತ ಹಾಗೆಯೇ ಕೇಳುತ್ತದೆ” ಎಂದರು. ಎಷ್ಟೋ ತಿಂಗಳ ಮೇಲೆ ಅವರ ಬಾಯಿಂದ ಬಂದ ಉದ್ದನೆಯ ಮಾತು ಅದು. ಆಮೇಲೆ ದೋಣಿಯ ಬೆನ್ನ ಮೇಲೆ ಕೈಯಿಟ್ಟುಕೊಂಡು, “ಇದು ಸರಿಹೋಗಲು ಎಷ್ಟು ದಿನ?” ಎಂದು ಕೇಳಿದರು.

“ಒಂದು ವರ್ಷವಾದೀತು.”

ಅವರು ನಕ್ಕರು. “ನೀರಿಗೆ ಬರಲು ನಾನು ಸಿದ್ಧನಾಗಿದ್ದೇನೆ. ದೋಣಿಯೇ ಇನ್ನೂ ಸಿದ್ಧವಾಗಿಲ್ಲ.”

ನಾನು ಹೇಳದಿದ್ದುದನ್ನು ಅವರು ಹೇಗೆ ತಿಳಿದರೋ ಕಾಣೆ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ತಂದೆಯವರಿಗಾಗಿ ಎಂದುಕೊಂಡು ನಾನು ಹೂಡಿದ್ದ ಕೆಲಸಕ್ಕೆ ಬೇಕಾದದ್ದು ಒಂದು ವರ್ಷ. ತೊಂಬತ್ತರ ಮುದುಕರ ಒಂದು ವರ್ಷವನ್ನು ರಾಳಕ್ಕೂ ಉಪ್ಪುಕಾಗದಕ್ಕೂ ಖರ್ಚುಮಾಡಲು ನನಗೆ ಏನು ಅಧಿಕಾರ? ಇನ್ನೂ ನಿಜ ಹೇಳುವುದಾದರೆ, ಮುಳುಗಿದ ಊರಿನ ದಡಕ್ಕೆ ಅವರನ್ನು ಕರೆದೊಯ್ಯಲು ಇಷ್ಟು ವರ್ಷ ನನಗೆ ಧೈರ್ಯವಿರಲಿಲ್ಲ. ಅಲ್ಲಿ ಅವರು ಅತ್ತರೆ ಏನು ಮಾಡುವುದೆಂಬ ಭಯ. ದೋಣಿ ಆ ಭಯವನ್ನು ಒಂದು ವರ್ಷ ಮುಂದೂಡುವ ಉಪಾಯವೂ ಆಗಿತ್ತು.

ಕಾರ್ತಿಕ ಮಾಸದಲ್ಲಿ ತಾಳಗುಪ್ಪದ ರಾತ್ರಿ ರೈಲು ಹತ್ತಿ, ಸಾಗರದಲ್ಲಿಳಿದು, ಹಿನ್ನೀರಿನ ದಡಕ್ಕೆ ಹೋದೆವು. ಸಿಗಂದೂರಿನ ಯಾತ್ರಿಕರನ್ನೂ ತುಮರಿ ಸೀಮೆಯ ಜನರನ್ನೂ ದಶಕಗಳ ಕಾಲ ಲಾಂಚು ದಾಟಿಸುತ್ತಿದ್ದ ಕಡೆ 2025ರ ಜುಲೈಯಲ್ಲಿ ಸುಮಾರು 2.4 ಕಿಲೋಮೀಟರು ಉದ್ದದ ಸೇತುವೆ ತೆರೆದಿದೆ. ತಂದೆಯವರು ಸೇತುವೆಯನ್ನು ಬಹಳ ಹೊತ್ತು ನೋಡಿ, “ಒಳ್ಳೆಯದಾಯಿತು; ಬಸುರಿಯರು ರಾತ್ರಿ ದಾಟಬಹುದು” ಎಂದರು. ಬಳಿಕ ನೀರಿನಂಚಿನ ಕಲ್ಲೊಂದರ ಮೇಲೆ ಕುಳಿತು, ಕಾಲುಗಳನ್ನು ನೀರಿಗಿಳಿಸಿ, ಕೋಲಿನಿಂದ ತೋರಿಸತೊಡಗಿದರು: ಅಲ್ಲಿ ಹೊಳೆಯ ತಿರುವು, ಅಲ್ಲಿ ನಮ್ಮ ಕಳ, ಅದರಾಚೆ ನಿನ್ನ ತಾಯಿ ಬಟ್ಟೆ ಒಗೆಯುತ್ತಿದ್ದ ಬಂಡೆ. ನನಗೆ ಕಂಡದ್ದು ನೀರು ಮಾತ್ರ. ಅವರು ಅಳಲಿಲ್ಲ. ಕಣ್ಣೊರೆಸಿಕೊಂಡವನು ನಾನು.

ಪ್ರಯಾಣಕ್ಕೆ ತಗುಲಿದ ವೆಚ್ಚ ದೋಣಿಯ ಬೆಲೆಗಿಂತ ಸ್ವಲ್ಪ ಕಡಿಮೆಯೇ ಆಯಿತೆಂದು ಮನೆಯವಳು ಲೆಕ್ಕ ಬರೆದಿಟ್ಟಿದ್ದಾಳೆ. ದೋಣಿ ಈಗಲೂ ಹೊಂಗೆಯ ಕೆಳಗೇ ಇದೆ. ಅಂಗಡಿಯಾತ ಹನ್ನೆರಡಕ್ಕೆ ಇಳಿದಿದ್ದಾನೆ. ಬೆಳಗ್ಗೆ ಆ ಕಡೆ ಹೋದಾಗ ಒಂದು ಸಲ ಅದರ ಬೆನ್ನು ತಟ್ಟಿ ಬರುತ್ತೇನೆ. ಹಿಂತಿರುಗಿ ಬಂದಾಗ ತಂದೆಯವರು ಜಗಲಿಯಿಂದಲೇ, “ಹೇಗಿದೆ ನಿನ್ನ ದೋಣಿ?” ಎಂದು ಕೇಳುತ್ತಾರೆ. ನಾನು ಪಕ್ಕದಲ್ಲಿ ಕುಳಿತುಕೊಳ್ಳುತ್ತೇನೆ. ಅವರು ಹೊಳೆಯ ಮಾತು ತೆಗೆಯುತ್ತಾರೆ.