ಹೆಜ್ಜೆ ಮೇಳಕ್ಕೂ ಒಂದು ಯೂನಿಕೋಡ್ ಬೇಕಲ್ಲ!

ಮೊಹರಂ ಹೆಜ್ಜೆ ಮೇಳವನ್ನು ಮೊಬೈಲಿನಲ್ಲಿ ಹಿಡಿದವರಿಗೆ ಗೊತ್ತು, ಕೊನೆಗೆ ಸಿಗುವುದು ಎದುರಿಗೆ ನಿಂತವರ ಬೆನ್ನು, ಒಂದಿಷ್ಟು ಧೂಳು, ಹಲಗೆಯ ಸದ್ದು. ಹೆಜ್ಜೆ? ಅದೊಂದೇ ಸಿಗುವುದಿಲ್ಲ :-)

ನಮ್ಮೂರು ಸಿಂದಗಿ ತಾಲೂಕಿನ ಮೋರಟಗಿ. ಈ ಕಡೆ ಹೆಜ್ಜೆ ಮೇಳ ಅಂದರೆ ಹಿಂದೂ-ಮುಸ್ಲಿಂ ಎನ್ನದೆ ಎಲ್ಲರೂ ಸೇರಿ ರಿವಾಯತ್ ಪದ ಹಾಡುತ್ತ ಸುತ್ತುಗಟ್ಟಿ ಕುಣಿಯುವುದು. ನಮ್ಮ ಕಾಕಾ ಬಹಳ ವರ್ಷ ಹುಡುಗರಿಗೆ ಹೆಜ್ಜೆ ಕಲಿಸಿದವರು. ಈಗ ಮೊಣಕಾಲು ಕೇಳುವುದಿಲ್ಲ, ಹತ್ತು ನಿಮಿಷ ಕುಣಿದರೆ ಅರ್ಧ ದಿನ ಮಲಗಬೇಕು. ಅವರಿಗೆ ಬರುವ ಎರಡು-ಮೂರು ಹೆಜ್ಜೆ ಬೇರೆ ಯಾರಿಗೂ ಪೂರ್ತಿ ಬರುವುದಿಲ್ಲ. ವಿಡಿಯೋ ತೋರಿಸಿದರೆ ಹುಡುಗರು ಎಡಗಾಲು-ಬಲಗಾಲು ಅದಲುಬದಲು ಮಾಡುತ್ತಾರೆ. ಎದುರಿಗಿದ್ದವರ ಎಡ ನಮ್ಮ ಬಲಕ್ಕೆ ಬರುತ್ತದಲ್ಲ! ಕುಣಿಯುವವರ ಸುತ್ತ ಓಡಾಡಿ ಹಿಂದಿನಿಂದಲೂ ನೋಡುವ ಹಾಗಿದ್ದರೆ?

ಅದಕ್ಕೇ ವಾಲ್ಯುಮೆಟ್ರಿಕ್ ವಿಡಿಯೋ ಅನ್ನುತ್ತಾರೆ. ಮಾಮೂಲಿ ವಿಡಿಯೋದಲ್ಲಿ ಪ್ರತಿ ಚುಕ್ಕೆಗೆ ಬಣ್ಣ ಮಾತ್ರ ಇರುತ್ತದೆ. ಇದರಲ್ಲಿ ಆ ಚುಕ್ಕೆ ಎಷ್ಟು ದೂರದಲ್ಲಿದೆ ಎಂಬುದೂ ಇರುತ್ತದೆ. ನೋಡುವವರು ತಮಗೆ ಬೇಕಾದ ಕಡೆಯಿಂದ ನೋಡಬೇಕಾದ್ದರಿಂದ ಮಾಮೂಲಿ ಪ್ಲೇಯರ್ ಸಾಲದು, ಆಟಗಳನ್ನು ಕಟ್ಟುವ ಗೇಮ್ ಎಂಜಿನ್ ಬೇಕು.

ಹಿಡಿಯಲು ನಾನು ಬಳಸಿದ್ದು ಸೆಕೆಂಡ್ ಹ್ಯಾಂಡಿನಲ್ಲಿ ಕೊಂಡ ಮೊದಲ ತಲೆಮಾರಿನ ಕಿನೆಕ್ಟ್. 2010ರ ನವೆಂಬರಿನಲ್ಲಿ ಮೈಕ್ರೋಸಾಫ್ಟ್ ಇದನ್ನು ಎಕ್ಸ್‌ಬಾಕ್ಸ್ ಆಟಕ್ಕೆಂದು ಬಿಟ್ಟಿತ್ತು. ಕಂಪ್ಯೂಟರಿಗೆ ಜೋಡಿಸುವ ಮುಕ್ತ ಡ್ರೈವರ್ ಬರೆದವರಿಗೆ ಬಹುಮಾನ ಕೊಡುತ್ತೇವೆಂದು ಆಡಾಫ್ರೂಟ್ ಎಂಬ ಸಣ್ಣ ಕಂಪನಿ ಸಾರಿತು. ಕೆಲವೇ ದಿನಗಳಲ್ಲಿ ಹೆಕ್ಟರ್ ಮಾರ್ಟಿನ್ ಅದನ್ನು ಬರೆದರು. ಅದೇ ಮುಂದೆ ಲಿಬ್‌ಫ್ರೀನೆಕ್ಟ್ ಆಯಿತು. 2017ರಲ್ಲಿ ಕಿನೆಕ್ಟ್ ತಯಾರಿಕೆಯೇ ನಿಂತುಹೋಯಿತು. ಆದರೂ ನಮ್ಮ ಪಡಸಾಲೆಯಲ್ಲಿ ಅದು ಇಂದಿಗೂ ನಡೆಯುತ್ತಿದೆ ಅಂದರೆ ಕಾರಣ ಆ ಮುಕ್ತ ಡ್ರೈವರ್.

ಇದು ಬಿಸಿಲಿಗೆ ಆಗಿಬರುವುದಿಲ್ಲ, ಇದರ ಇನ್ಫ್ರಾರೆಡ್ ಬೆಳಕು ಬಿಸಿಲಿನಲ್ಲಿ ಮುಳುಗಿಹೋಗುತ್ತದೆ. ಸುಮಾರು ನಾಲ್ಕು ಮೀಟರಿನ ಆಚೆ ಲೆಕ್ಕವೂ ಹದಗೆಡುತ್ತದೆ. ಹಾಗಾಗಿ ಇಡೀ ಮೇಳ ಬಿಡಿ, ಸಂಜೆ ಪಡಸಾಲೆಯಲ್ಲಿ ಕಾಕಾ ಒಬ್ಬರೇ, ಒಂದೊಂದು ಹೆಜ್ಜೆಗೆ ಇಪ್ಪತ್ತು ಸೆಕೆಂಡು. ಮೊಣಕಾಲಿಗೂ ಅಷ್ಟೇ ಸಾಧ್ಯ.

ಇನ್ನು ಗಾತ್ರ ನೋಡಿ. ಒಂದು ಫ್ರೇಮಿಗೆ 640×480, ಅಂದರೆ 3,07,200 ಚುಕ್ಕೆ. ಒಂದೊಂದಕ್ಕೆ ಜಾಗ ಮತ್ತು ಬಣ್ಣ ಸೇರಿ 15 ಬೈಟ್. ಸೆಕೆಂಡಿಗೆ 30 ಫ್ರೇಮ್ ಎಂದರೆ ಸುಮಾರು 138 ಎಂಬಿ, ಒಂದು ನಿಮಿಷಕ್ಕೆ 8 ಜಿಬಿಗೂ ಹೆಚ್ಚು! ಹಿಂದಿನ ಗೋಡೆ, ಕಾಟು, ಎಲ್ಲ ತೆಗೆದು ಕಾಕಾ ಒಬ್ಬರನ್ನೇ ಉಳಿಸಿಕೊಂಡರೆ ಸುಮಾರು 40 ಸಾವಿರ ಚುಕ್ಕೆ, ಸೆಕೆಂಡಿಗೆ 18 ಎಂಬಿ. ಇಪ್ಪತ್ತು ಸೆಕೆಂಡಿಗೆ 360 ಎಂಬಿ, ಸಾಧಾರಣ ಲ್ಯಾಪ್‌ಟಾಪ್ ತಡೆದುಕೊಳ್ಳುತ್ತದೆ.

ಆಡಿಸಲು ಗೋಡೋ ಎಂಜಿನ್ ಆರಿಸಿಕೊಂಡೆ. 2014ರಿಂದ ಎಂಐಟಿ ಲೈಸೆನ್ಸಿನಲ್ಲಿ ಸಂಪೂರ್ಣ ಮುಕ್ತ. ಪ್ರತಿ ಫ್ರೇಮನ್ನೂ ಪಿಎಲ್‌ವೈ ಫೈಲಾಗಿ ಇಟ್ಟು, ಒಂದಾದ ಮೇಲೊಂದರಂತೆ ಚುಕ್ಕೆಗಳ ಮೆಶ್ ಆಗಿ ತೋರಿಸುವ ಸಣ್ಣ ಸ್ಕ್ರಿಪ್ಟ್, ಅಷ್ಟೇ. ಯೂನಿಟಿ ಬಳಸುವವರಿಗೆ ಇನ್ನೂ ಸುಲಭ: ಪಿಎಲ್‌ವೈ ಓದಲು ಕೀಜಿರೋ ತಕಾಹಾಶಿಯವರ ಪಿಸಿಎಕ್ಸ್ ಇದೆ, ಫ್ರೇಮ್ ಸಾಲುಗಳನ್ನು ಡಿಸ್ಕಿನಿಂದಲೇ ಆಡಿಸಲು ಜಿಯೋಮೆಟ್ರಿ ಸೀಕ್ವೆನ್ಸ್ ಪ್ಲೇಯರ್ ಇದೆ. ಎರಡರ ಸೋರ್ಸ್ ಕೋಡೂ ತೆರೆದೇ ಇದೆ. ಆದರೆ ಯೂನಿಟಿ ಸ್ವತಃ ಮುಕ್ತವಲ್ಲ. 2023ರಲ್ಲಿ ಇನ್‌ಸ್ಟಾಲ್ ಲೆಕ್ಕದಲ್ಲಿ ಶುಲ್ಕ ಹಾಕುತ್ತೇವೆಂದು ಹೇಳಿ, ಗಲಾಟೆಯಾಗಿ, 2024ರಲ್ಲಿ ಕೈಬಿಟ್ಟರು. ಮನೆ ನಮ್ಮದು, ಅಡಿಪಾಯ ಇನ್ನೊಬ್ಬರದು ಅಂದರೆ ಹೀಗೇ.

ದೂರವನ್ನು ಬಣ್ಣವಾಗಿ ಬದಲಿಸಿ ಮಾಮೂಲಿ ವಿಡಿಯೋದಲ್ಲಿ ತುಂಬುವ ಉಪಾಯವೂ ಇದೆ. ಫೈಲು ಎಷ್ಟೋ ಪಟ್ಟು ಚಿಕ್ಕದಾಗುತ್ತದೆ. ಆದರೆ ಗೋಡೋ ತಾನಾಗಿ ಆಡಿಸುವುದು ಓಗ್ ಥಿಯೋರಾ ಒಂದನ್ನೇ, ಅದರ ಕಂಪ್ರೆಷನ್ನಿನಲ್ಲಿ ಅಂಚಿನ ಚುಕ್ಕೆಗಳು ಚೆಲ್ಲಾಪಿಲ್ಲಿ. ಹೆಜ್ಜೆ ಕಲಿಯುವವನಿಗೆ ಪಾದದ ಅಂಚೇ ಮುಖ್ಯ! ಹಂಚಲು ಚಿಕ್ಕದು, ಕಾಪಿಡಲು ದೊಡ್ಡದು ಎಂದು ಎರಡೂ ಇಟ್ಟುಕೊಂಡಿದ್ದೇನೆ.

ಮೊದಲ ಸಲ ತೆರೆಯ ಮೇಲೆ ತಮ್ಮನ್ನು ಹಿಂದಿನಿಂದ ನೋಡಿದಾಗ ಕಾಕಾ ಕೇಳಿದ್ದು, "ನನ್ನ ಬೆನ್ನ ಎಲ್ಲಿ ಹೋತೋ ತಮ್ಮಾ?"

"ಕ್ಯಾಮೆರಾ ಒಂದ ಐತ್ರಿ ಕಾಕಾ. ಮುಂದಿಂದಷ್ಟ ಹಿಡದೈತಿ."

ನಿಜ, ಹಿಂದಿನಿಂದ ನೋಡಿದರೆ ಕೊಬ್ಬರಿ ಬಟ್ಟಲ ಒಳಗೆ ಇಣುಕಿದ ಹಾಗೆ. ಆದರೆ ಎಡ ಎಡವೇ, ಬಲ ಬಲವೇ. ಅವರು ಸ್ವಲ್ಪ ಹೊತ್ತು ನೋಡಿ, "ಹೆಜ್ಜಿ ಕಾಣಸ್ತದಲ, ಸಾಕ ಬಿಡು" ಅಂದರು.

ಇಷ್ಟೆಲ್ಲ ಕೊರೆದದ್ದು ಏಕೆಂದರೆ, ದೊಡ್ಡ ದುಡ್ಡಿನಲ್ಲಿ ಇದಕ್ಕಿಂತ ನೂರು ಪಟ್ಟು ಚಂದ ಮಾಡಬಹುದು. ಆದರೆ ದೊಡ್ಡವರು ಅಂಗಡಿ ಮುಚ್ಚುತ್ತಾರೆ. 2018ರಲ್ಲಿ ಸದ್ದು ಮಾಡಿದ ಇಂಟೆಲ್ ಸ್ಟುಡಿಯೋ 2020ರಲ್ಲಿ ಮುಚ್ಚಿತು. ಮೈಕ್ರೋಸಾಫ್ಟ್ ತನ್ನ ವಾಲ್ಯುಮೆಟ್ರಿಕ್ ತಂತ್ರಜ್ಞಾನವನ್ನು 2023ರಲ್ಲಿ ಆರ್ಕ್ಟುರಸ್ ಕಂಪನಿಗೆ ಬಿಟ್ಟುಕೊಟ್ಟಿತು, ಅದೇ ವರ್ಷ ಅಜೂರ್ ಕಿನೆಕ್ಟ್ ಮಾರಾಟವನ್ನೂ ನಿಲ್ಲಿಸಿತು. ಒಂದೇ ಕಂಪನಿಯ ಪ್ಲೇಯರಿನಲ್ಲಿ ಮಾತ್ರ ತೆರೆಯುವ ಫೈಲು ಆ ಕಂಪನಿಯ ಆಯುಷ್ಯದಷ್ಟೇ ಬಾಳುತ್ತದೆ. ಅದೇ 2008ರಲ್ಲಿ ರೇಡಿಯೋಹೆಡ್ ತಂಡ 'ಹೌಸ್ ಆಫ್ ಕಾರ್ಡ್ಸ್' ಹಾಡನ್ನು ಕ್ಯಾಮೆರಾ ಇಲ್ಲದೆ ಸ್ಕ್ಯಾನರುಗಳಲ್ಲಿ ಹಿಡಿದು, ದತ್ತಾಂಶವನ್ನು ಬರೀ ಸಂಖ್ಯೆಗಳ ಸಿಎಸ್‌ವಿ ಫೈಲಾಗಿ ಹಂಚಿತು. ಅದನ್ನು ಇಟ್ಟಿದ್ದ ಗೂಗಲ್ ಕೋಡ್ 2016ರಲ್ಲಿ ಮುಚ್ಚಿಹೋಯಿತು, ಪ್ರತಿಗಳು ಉಳಿದಿವೆ. ಯಾವ ಎಡಿಟರಿನಲ್ಲಿ ಬೇಕಾದರೂ ತೆರೆಯಬಹುದು.

ಕನ್ನಡದಲ್ಲಿ ಬರೆಯುವ ನಮಗೆ ಇದನ್ನು ಬಿಡಿಸಿ ಹೇಳಬೇಕೇ? ಹಳೆಯ ಫಾಂಟಿನಲ್ಲಿ ಟೈಪಿಸಿಟ್ಟ ಲೇಖನ ತೆರೆದಾಗ ಇಂಗ್ಲಿಷ್ ಅಕ್ಷರಗಳ ಚಿತ್ರಾನ್ನ ಕಂಡು ಹೊಟ್ಟೆ ಉರಿಸಿಕೊಂಡವರು ನಾವು. ಯೂನಿಕೋಡಿನ 1991ರ ಮೊದಲ ಆವೃತ್ತಿಯಲ್ಲೇ ಕನ್ನಡ ಇತ್ತು, ಆದರೂ ನಮ್ಮ ಕೈಗೆ ಸರಿಯಾಗಿ ಬರಲು ಹತ್ತು-ಹದಿನೈದು ವರ್ಷ ಹಿಡಿಯಿತು. ಅಷ್ಟರೊಳಗೆ ಎಷ್ಟು ಬರಹ ಕಳೆದುಕೊಂಡೆವೋ! ಅಕ್ಷರವಾದರೆ ಮತ್ತೆ ಟೈಪಿಸಬಹುದು. ಹೆಜ್ಜೆ ಹಾಕುವ ಕಾಲೇ ನಿಂತ ಮೇಲೆ ಯಾರನ್ನು ಕೇಳೋದು?

ಈಗ ಕಾಕಾನ ಮೂರು ಹೆಜ್ಜೆ ಒಂದು ಪೆನ್‌ಡ್ರೈವಿನಲ್ಲಿವೆ: ಪಿಎಲ್‌ವೈ ಫೈಲುಗಳು, ಬೇರೆಯಾಗಿ ಹಲಗೆಯ ದನಿ, ಸ್ಕ್ರಿಪ್ಟಿನ ಸೋರ್ಸು, ಜೊತೆಗೆ ಹೇಗೆ ಆಡಿಸಬೇಕೆಂದು ಕನ್ನಡದಲ್ಲಿ ಒಂದು ಪುಟ. ನಾಲ್ಕನೆಯ ಹೆಜ್ಜೆಗೆ ಇಬ್ಬರು ಬೇಕಂತೆ, ಎರಡು ಕಿನೆಕ್ಟೂ ಬೇಕು. ನಿಮ್ಮಲ್ಲಿ ಯಾರ ಅಟ್ಟದ ಮೇಲಾದರೂ ಒಂದು ಬಿದ್ದಿದ್ದರೆ ಹೇಳಿ, ಬಂದು ಒಯ್ಯುತ್ತೇನೆ. ಮೊಹರಮ್ಮಿನ ಒಳಗೆ ಮುಗಿಸಬೇಕು.